ಗೂಡಿನಿಂದ ಬಿದ್ದ ಗೊರವಂಕದ ಮರಿ ಈಗ ಮನೆಯ ಹಕ್ಕಿಯಾಗಿದೆ. ಅದನ್ನು ಹೊರಗೆ ಬಿಡಬಹುದೇ?

ಪ್ರಶ್ನೆ: ತೆಂಗಿನತೋಟ (ಅರಸೀಕೆರೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ, ಮನೆ ಹಳೆಯ ಹೆಂಚಿನ ಮನೆ. ಹಿತ್ತಿಲ ಕಡೆಯ ಸೂರಿನಲ್ಲಿ, ಗೋಡೆಗೂ ತೊಲೆಗೂ ನಡುವಿನ ಸಂದಿಯಲ್ಲಿ, ಪ್ರತಿ ಬೇಸಿಗೆಯಲ್ಲೂ ಗೊರವಂಕಗಳು ಗೂಡು ಕಟ್ಟುತ್ತವೆ. ಈ ವರ್ಷ ಏಪ್ರಿಲ್ ಕೊನೆಯ ವಾರದ ಗಾಳಿಮಳೆಗೆ ಹೆಂಚು ಜಾರಿ, ಗೂಡಿನ ಸಮೇತ ಮೂರು ಮರಿಗಳು ಕಲ್ಲುಚಪ್ಪಡಿಯ ಮೇಲೆ ಬಿದ್ದವು. ಎರಡು ಅಲ್ಲೇ ಸತ್ತುಹೋದವು. ಉಳಿದ ಒಂದಕ್ಕೆ ಆಗತಾನೇ ಕಣ್ಣು ಬಿಟ್ಟಿತ್ತು. ಪುಕ್ಕಗಳು ಇನ್ನೂ ಕಡ್ಡಿಗಳ ಹಾಗೆ ಮೂಡುತ್ತಿದ್ದವು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಹತ್ತಿರ ಸೇರಿಸುವುದಿಲ್ಲ ಎಂದು ನಮ್ಮ ಅತ್ತೆಯವರು ಹೇಳಿದ್ದರಿಂದ, ಆರನೆಯ ತರಗತಿಯಲ್ಲಿ ಓದುವ ನನ್ನ ಮಗಳು ಅದನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಸಾಕತೊಡಗಿದಳು.

ಈಗ ಜುಲೈ. ಹಕ್ಕಿ ಪೂರ್ತಿ ಬೆಳೆದಿದೆ. ಕೊಕ್ಕು, ಕಾಲು ಹಳದಿಯಾಗಿವೆ, ರೆಕ್ಕೆ ಬಿಚ್ಚಿದಾಗ ಬಿಳಿಯ ಪಟ್ಟೆ ಕಾಣುತ್ತದೆ. ಮಗಳು ಅದನ್ನು ಚಿನ್ನು ಎಂದು ಕರೆಯುತ್ತಾಳೆ. ಪಡಸಾಲೆಯಿಂದ ಅಡುಗೆಮನೆಗೆ ಹಾರುತ್ತದೆ, ಊಟಕ್ಕೆ ಕೂತವರ ತಟ್ಟೆಯ ಅಂಚಿಗೆ ಬಂದು ಕೂರುತ್ತದೆ, ಹದಿನೈದು ದಿನಗಳಿಂದ ಅತ್ತೆಯವರ ದನಿಯಲ್ಲೇ "ಬಾರೇ" ಎಂದು ಕರೆಯುವುದನ್ನೂ ಕಲಿತಿದೆ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಮೊಸರನ್ನ, ಬಾಳೆಹಣ್ಣು ಕೊಡುತ್ತಿದ್ದೇವೆ. ಪೇಟೆಯ ಅಂಗಡಿಯೊಂದರಲ್ಲಿ ರಕ್ತ ಹೆಚ್ಚಲೆಂದು ಮಕ್ಕಳಿಗೆ ಕೊಡುವ ಟಾನಿಕ್ಕಿನ ಎರಡು ಹನಿಯನ್ನು ನೀರಿಗೆ ಹಾಕಲು ಹೇಳಿದ್ದಾರೆ, ಇನ್ನೂ ಹಾಕಿಲ್ಲ.

ನೆರೆಯವರು ಪಂಜರ ತಂದು ಸಾಕಿಕೊಳ್ಳಿ ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ಆದರೆ ಬಿಟ್ಟರೆ ಬದುಕುತ್ತದೆಯೇ ಎಂಬ ಭಯವೂ ಇದೆ. ಮಗಳಂತೂ ಬಿಡುವ ಮಾತೆತ್ತಿದರೆ ಊಟ ಬಿಡುತ್ತಾಳೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಪೊಟರೆ (ಮೈಸೂರು)

ನಮಸ್ಕಾರ ಮೇಡಂ. ಗಾಯಗೊಂಡ ಮತ್ತು ತಾಯಿಯಿಂದ ಅಗಲಿದ ಹಕ್ಕಿಗಳ ಆರೈಕೆಯಲ್ಲಿ ಹಲವು ವರ್ಷಗಳಿಂದ ತೊಡಗಿಕೊಂಡಿದ್ದೇನೆ. ಗೊರವಂಕದ ಮರಿಗಳೇ ನನ್ನ ಕೈಗೆ ಹೆಚ್ಚು ಬಂದಿರುವುದು. ಕಣ್ಣು ಬಿಡುವ ಹಂತದ ಮರಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ಗುಟುಕು ಕೊಡದೆ ಅದು ಬದುಕುತ್ತಿರಲಿಲ್ಲ. ನಿಮ್ಮ ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ.

ಮೊದಲು ಆಹಾರದ ವಿಷಯ, ಏಕೆಂದರೆ ಅದನ್ನು ಇಂದೇ ಬದಲಾಯಿಸಬೇಕು. ಹಕ್ಕಿಗಳಿಗೆ ಹಾಲು ಅರಗುವುದಿಲ್ಲ. ಮೊಲೆಯುಣ್ಣುವ ಪ್ರಾಣಿಗಳಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಅವುಗಳಲ್ಲಿಲ್ಲ. ಹಾಲು, ಬ್ರೆಡ್ಡು ಎರಡನ್ನೂ ನಿಲ್ಲಿಸಿ. ಟಾನಿಕ್ಕನ್ನು ದಯವಿಟ್ಟು ಹಾಕಲೇಬೇಡಿ. ರಕ್ತ ಹೆಚ್ಚಲೆಂದು ಕೊಡುವ ಅಂಥ ಔಷಧಿಗಳಲ್ಲಿ ಕಬ್ಬಿಣದ ಅಂಶವಿರುತ್ತದೆ. ಗೊರವಂಕ, ಕಬ್ಬಕ್ಕಿ, ಬೆಟ್ಟದ ಮೈನಾ ಇವೆಲ್ಲ ಸೇರುವ ಕುಟುಂಬದ ಹಕ್ಕಿಗಳ ದೇಹ ಆಹಾರದಲ್ಲಿನ ಕಬ್ಬಿಣವನ್ನು ಬೇಡದಿದ್ದರೂ ಹೀರಿಕೊಳ್ಳುತ್ತಲೇ ಹೋಗಿ, ಅದನ್ನು ಯಕೃತ್ತಿನಲ್ಲಿ ಕೂಡಿಡುತ್ತದೆ. ಪಂಜರದಲ್ಲಿ ಸಾಕಿದ ಮೈನಾಗಳು ಹೊಟ್ಟೆ ಊದಿ, ಏದುಸಿರು ಬಿಡುತ್ತ ಸಾಯುವುದಕ್ಕೆ ಈ ಕಾಯಿಲೆ ಒಂದು ಮುಖ್ಯ ಕಾರಣ. ಇದೇ ಕಾರಣಕ್ಕೆ ಕಿತ್ತಳೆ, ಮೋಸಂಬಿ, ನಿಂಬೆಯಂಥ ಹುಳಿಹಣ್ಣುಗಳೂ ಬೇಡ, ಅವು ಕಬ್ಬಿಣದ ಹೀರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಬಾಳೆ, ಪಪ್ಪಾಯಿ, ಬೇಯಿಸಿದ ಮೊಟ್ಟೆಯ ಬಿಳಿಭಾಗ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಜೀವಂತ ಹುಳುಗಳು, ಮಿಡತೆಗಳು ಸಾಕು. ಈ ಹಕ್ಕಿಗಳ ಗುಂಪಿಗೆ ವಿಜ್ಞಾನಿಗಳು ಇಟ್ಟ ಹೆಸರಿನ ಅರ್ಥವೇ ಮಿಡತೆ ಬೇಟೆಗಾರ ಎಂದು.

ಇನ್ನು ಬಿಡುವ ವಿಷಯ. ಬಿಡಬಹುದು, ಬಿಡಬೇಕು, ಆದರೆ ಒಂದು ಬೆಳಿಗ್ಗೆ ಕಿಟಕಿ ತೆರೆದು ಹಾರಿಸಿಬಿಡುವಂತಿಲ್ಲ. ಗೊರವಂಕ ಎಂಥ ಪರಿಸರಕ್ಕೂ ಹೊಂದಿಕೊಳ್ಳುವ ಹಕ್ಕಿ ಎಂಬ ಮಾತು ನಿಜ. ಮರದ ಪೊಟರೆ ಸಿಗದಿದ್ದರೆ ಗೋಡೆಯ ತೂತು, ಸೂರು, ಬೀದಿದೀಪದ ಕಂಬದ ಕೊಳವೆ ಯಾವುದಾದರೂ ಅದಕ್ಕೆ ಗೂಡಾಗುತ್ತದೆ. ಉಳುವ ನೇಗಿಲಿನ ಹಿಂದೆ, ಮೇಯುವ ದನಗಳ ಕಾಲ ಬಳಿ, ಸಂತೆಯ ಕಸದಲ್ಲಿ, ಎಲ್ಲೆಡೆ ಅದು ತನ್ನ ಆಹಾರವನ್ನು ಕಂಡುಕೊಳ್ಳುತ್ತದೆ. ಆದರೆ ಹೊಂದಿಕೊಳ್ಳುವ ಶಕ್ತಿಯೊಂದಿಗೆ ಹುಟ್ಟಿದ್ದರೂ, ಎಲ್ಲಿ ಹುಳುವಿರುತ್ತದೆ, ಯಾವ ನೆರಳು ಗಿಡುಗನದು, ಯಾವ ಕೂಗು ಹಾವು ಬಂದಿದೆ ಎಂದು ಹೇಳುತ್ತದೆ ಎಂಬುದನ್ನೆಲ್ಲ ಮರಿಯು ಗೂಡು ಬಿಟ್ಟ ಮೇಲಿನ ವಾರಗಳಲ್ಲಿ ತಂದೆತಾಯಿಯ ಹಿಂದೆ ಅಲೆಯುತ್ತ ಕಲಿಯುತ್ತದೆ. ಚಿನ್ನುವಿಗೆ ಆ ಪಾಠ ತಪ್ಪಿಹೋಗಿದೆ. ಆ ಸ್ಥಾನದಲ್ಲಿ ಅದು ನಿಮ್ಮೆಲ್ಲರನ್ನು ಇಟ್ಟುಕೊಂಡಿದೆ.

ಆದ್ದರಿಂದ ಜಗಲಿಯ ಒಂದು ಮೂಲೆಯನ್ನೋ ಖಾಲಿ ಕೊಟ್ಟಿಗೆಯನ್ನೋ ಬಲೆ ಕಟ್ಟಿ ಮುಚ್ಚಿ, ಹಕ್ಕಿಯನ್ನು ಅಲ್ಲಿಗೆ ಬದಲಾಯಿಸಿ. ಅಲ್ಲಿಂದ ಅದಕ್ಕೆ ಹೊರಗಿನ ಗೊರವಂಕಗಳು ಕಾಣಬೇಕು, ಅವುಗಳ ದನಿ ಕೇಳಿಸಬೇಕು, ಮಳೆಯ ಎರಚಲು ತಾಗಬೇಕು. ಕೈಯಿಂದ ತಿನ್ನಿಸುವುದನ್ನು ನಿಲ್ಲಿಸಿ. ಅಗಲವಾದ ತಟ್ಟೆಯಲ್ಲಿ ಗೊಬ್ಬರದ ಮಣ್ಣು, ಒಣಗಿದ ಎಲೆ ಹರಡಿ ಅದರೊಳಗೆ ಹುಳುಗಳನ್ನು ಬಿಡಿ. ಈ ಕುಟುಂಬದ ಹಕ್ಕಿಗಳು ಮುಚ್ಚಿದ ಕೊಕ್ಕನ್ನು ಹುಲ್ಲಿನ ಬುಡಕ್ಕೆ ಚುಚ್ಚಿ, ಒಳಗೇ ಅದನ್ನು ಬಲವಾಗಿ ಅಗಲಿಸಿ, ಆದ ಸಂದಿನಲ್ಲಿ ಇಣುಕಿ ಹುಳು ಹಿಡಿಯುತ್ತವೆ. ಕೊಕ್ಕು ತೆರೆಯುವ ಸ್ನಾಯುಗಳು ಅದಕ್ಕೆಂದೇ ಬಲಿತಿರುತ್ತವೆ. ಚಿನ್ನು ಇದನ್ನು ಯಾರೂ ಕಲಿಸದೆಯೇ ಮಾಡತೊಡಗುತ್ತದೆ. ಆ ದಿನವನ್ನು ಮಗಳಿಗೆ ತೋರಿಸಿ.

ತಟ್ಟೆಯ ಹುಳುಗಳನ್ನು ತಾನೇ ಹುಡುಕಿ ಹೊಟ್ಟೆ ತುಂಬಿಸಿಕೊಳ್ಳುವುದು, ನೆಲದಿಂದ ತೊಲೆಯ ಎತ್ತರಕ್ಕೆ ಒಂದೇ ಹಾರಿಕೆಯಲ್ಲಿ ಏರುವುದು, ಬೆಕ್ಕನ್ನು ಕಂಡು ಗಾಬರಿಯ ಕೂಗು ಹಾಕುವುದು, ಇವಿಷ್ಟು ಬಂದ ಮೇಲೆ, ಮಳೆಯಿಲ್ಲದ ಒಂದು ಬೆಳಿಗ್ಗೆ ಬಲೆಯ ಬಾಗಿಲು ತೆರೆದಿಡಿ. ಸಂಜೆ ಬೇಡ. ಓಡಿಸಬೇಡಿ. ಹೋಗಿ ಬಂದರೆ ಬರಲಿ, ರಾತ್ರಿ ಒಳಗೇ ಮಲಗಿದರೂ ಸರಿ. ಎರಡು ಮೂರು ವಾರ ಅದೇ ಜಾಗದಲ್ಲಿ ಆಹಾರವಿರಲಿ.

ಅತ್ತೆಯವರ ಮಾತಿನ ಬಗ್ಗೆ ಗೌರವದಿಂದಲೇ ಒಂದು ವಿಷಯ ಹೇಳುತ್ತೇನೆ. ಮನುಷ್ಯರು ಮುಟ್ಟಿದರೆ ತಾಯಿಹಕ್ಕಿ ಮರಿಯನ್ನು ಬಿಡುತ್ತದೆ ಎಂಬುದು ನಿಜವಲ್ಲ. ಮುಂದೊಮ್ಮೆ ಹೀಗಾದರೆ, ಮರಿಗೆ ಗಾಯವಿಲ್ಲದಿದ್ದಲ್ಲಿ ಸಣ್ಣ ಬುಟ್ಟಿಯೊಂದಕ್ಕೆ ತೆಂಗಿನ ನಾರು ಹಾಸಿ, ಅದರಲ್ಲಿ ಮರಿಯನ್ನಿಟ್ಟು, ಹಳೆಯ ಗೂಡಿನ ಹತ್ತಿರದಲ್ಲೇ ಕಟ್ಟಿ ದೂರ ಸರಿಯಿರಿ. ದನಿ ಕೇಳಿದ ತಂದೆತಾಯಿ ಸಾಮಾನ್ಯವಾಗಿ ಬಂದು ಗುಟುಕು ಕೊಡುತ್ತವೆ.

ಉತ್ತರ: ಕರಡುಪ್ರತಿ (ಬೆಂಗಳೂರು)

ಮೇಲಿನ ಉತ್ತರಕ್ಕೆ ಕಾನೂನಿನ ಭಾಗವನ್ನಷ್ಟೇ ಸೇರಿಸುತ್ತೇನೆ. ಅಂಗಡಿಗಳಲ್ಲಿ ಮಾರುವ ವಿದೇಶಿ ಮೂಲದ ಲವ್ ಬರ್ಡ್ಸ್ ಬೇರೆ, ನಮ್ಮ ಗೊರವಂಕ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗೊರವಂಕವನ್ನು ಹಿಡಿಯುವುದು, ಪಂಜರದಲ್ಲಿಡುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಸಹ ಆ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ವ್ಯಾಪ್ತಿಯೊಳಗೇ ಬರುತ್ತದೆ. 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುಸೂಚಿಗಳ ಕ್ರಮ ಬದಲಾಯಿತು, ರಕ್ಷಣೆ ಹೋಗಲಿಲ್ಲ.

ಬಿದ್ದ ಮರಿಯನ್ನು ಕರುಣೆಯಿಂದ ಎತ್ತಿಕೊಂಡವರನ್ನು ಕಳ್ಳಬೇಟೆಗಾರರಂತೆ ಯಾರೂ ನೋಡಬಾರದು. ಆದರೂ ಇಂಥ ಪ್ರಾಣಿ ಕೈಗೆ ಬಂದರೆ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅರಣ್ಯಾಧಿಕಾರಿಗೋ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ಅವಧಿ ಮೀರಿದೆ ಎಂದು ಹೆದರಿ ಸುಮ್ಮನಿರಬೇಡಿ. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ನಡೆದದ್ದನ್ನು ಬರೆದುಕೊಟ್ಟು, ಹಕ್ಕಿಯನ್ನು ಬಿಡುವ ಸಿದ್ಧತೆಯಲ್ಲಿದ್ದೇವೆ ಎಂದು ತಿಳಿಸಿ, ಅವರ ಸೂಚನೆಯಂತೆ ನಡೆಯಿರಿ. ಪಂಜರ ಕೊಳ್ಳುವ ಸಲಹೆಯನ್ನು ಮಾತ್ರ ಒಪ್ಪಬೇಡಿ.

ಉತ್ತರ: ಅಡಿಕೆಸೋಗೆ (ಸಾಗರ)

ಗೊರವಂಕವೇ ಹೌದೇ ಎಂದು ಒಮ್ಮೆ ನೋಡಿಕೊಳ್ಳಿ. ಕಣ್ಣಿನ ಹಿಂದೆ ಪುಕ್ಕವಿಲ್ಲದ ಹಳದಿ ಚರ್ಮವಿದ್ದರೆ ಗೊರವಂಕ. ಅದಿಲ್ಲದೆ, ಹಣೆಯ ಮೇಲೆ ಸಣ್ಣ ಜುಟ್ಟಿನಂತೆ ಪುಕ್ಕ ನಿಂತು, ಕಣ್ಣು ನೀಲಿ ಛಾಯೆಯದಾಗಿದ್ದರೆ ಅದು ಕಾಡು ಗೊರವಂಕ. ನಮ್ಮ ಮಲೆನಾಡಿನಲ್ಲಿ ಅದೇ ಹೆಚ್ಚು. ನಿಮ್ಮ ಕಡೆಯ ಬಯಲಿನಲ್ಲಿ ಮೊದಲನೆಯದೇ ಇರುವ ಸಾಧ್ಯತೆ ಜಾಸ್ತಿ. ಎರಡನ್ನೂ ಬಿಡುವ ಕ್ರಮ ಒಂದೇ.

ನಾನು ಬರೆಯಲು ಕಾರಣ ಬೇರೆ. ನಾನು ಎಂಟು ವರ್ಷದವನಿದ್ದಾಗ ನಮ್ಮ ಮನೆಯಲ್ಲಿಯೂ ಹೀಗೆಯೇ ಒಂದು ಹಕ್ಕಿಯಿತ್ತು. ಆಗ ಊರಿನಲ್ಲಿ ಯಾರಿಗೂ ಅದು ತಪ್ಪೆಂದು ತೋರುತ್ತಿರಲಿಲ್ಲ. ಗಿಳಿಗೂ ಸಾರಿಕೆಗೂ ಮಾತು ಕಲಿಸುವುದನ್ನು ಹಿಂದಿನವರು ಅರವತ್ತನಾಲ್ಕು ಕಲೆಗಳಲ್ಲಿ ಒಂದೆಂದು ಎಣಿಸಿದ್ದ ದೇಶ ನಮ್ಮದು. ನಮ್ಮ ಹಕ್ಕಿ ಅಜ್ಜನ ಕೆಮ್ಮನ್ನು ಅನುಕರಿಸುತ್ತಿತ್ತು, ಹಾಲು ಕರೆಯುವ ಹೊತ್ತಿಗೆ ಎಮ್ಮೆಯನ್ನು ಹೆಸರು ಹಿಡಿದು ಕರೆಯುತ್ತಿತ್ತು. ಎರಡನೆಯ ವರ್ಷ ಅಪ್ಪ, ಇನ್ನು ಸಾಕು ಎಂದು, ಪಂಜರವನ್ನು ಹೊಲದ ಅಂಚಿಗೆ ಒಯ್ದು ಬಾಗಿಲು ತೆರೆದುಬಿಟ್ಟರು. ಹಕ್ಕಿ ಹಾರಿ ಹೋಯಿತು. ಮಾರನೆಯ ದಿನ ಮಧ್ಯಾಹ್ನ ಯಾರದೋ ಅಂಗಳದಲ್ಲಿ ಇಳಿದು, ಅಲ್ಲಿದ್ದವರ ಮುಂದೆ ಬಾಯಿ ತೆರೆದು ನಿಂತಿತ್ತಂತೆ. ಅವರ ಮನೆಯ ಬೆಕ್ಕು ಹಿಡಿಯಿತು. ನಾವು ಓಡಿ ಹೋಗುವಷ್ಟರಲ್ಲಿ ಪುಕ್ಕಗಳು ಮಾತ್ರ ಉಳಿದಿದ್ದವು.

ಅಪ್ಪನ ಉದ್ದೇಶ ಒಳ್ಳೆಯದೇ ಆಗಿತ್ತು. ಮನುಷ್ಯರೆಂದರೆ ಅನ್ನ ಎಂದು ಆ ಹಕ್ಕಿಗೆ ನಾವೇ ಕಲಿಸಿದ್ದೆವು, ಮತ್ತು ಅದನ್ನು ಮರೆಯಲು ಸಮಯ ಕೊಟ್ಟಿರಲಿಲ್ಲ. ಆದ್ದರಿಂದ ಮೈಸೂರಿನವರು ಬರೆದಿರುವ ಬಲೆಯ ಕೋಣೆಯ ಕೆಲಸವನ್ನು ಅರ್ಧಕ್ಕೆ ಬಿಡಬೇಡಿ. ಅದು ಒಂದು ತಿಂಗಳು ಹಿಡಿದರೂ ಹಿಡಿಯಲಿ. "ಬಾರೇ" ಎಂದು ಕರೆದಾಗ ಮರುದನಿ ಕೊಡುವುದನ್ನು ಮನೆಯವರೆಲ್ಲ ನಿಲ್ಲಿಸಬೇಕಾಗುತ್ತದೆ. ಹಕ್ಕಿಗಿಂತ ನಿಮಗೇ ಅದು ಕಷ್ಟವಾಗುತ್ತದೆ.

ಉತ್ತರ: ದೂರದೂರು (ಕ್ಯಾನ್ಬೆರಾ)

ಈ ಚರ್ಚೆಯನ್ನು ಓದುತ್ತ ಮನಸ್ಸು ಭಾರವಾಯಿತು. ನಾನು ತಿಪಟೂರಿನವಳು, ಹನ್ನೆರಡು ವರ್ಷಗಳಿಂದ ಆಸ್ಟ್ರೇಲಿಯಾದಲ್ಲಿದ್ದೇನೆ. ಇಲ್ಲಿ ಇದೇ ಹಕ್ಕಿಗೆ 'ಇಂಡಿಯನ್ ಮೈನಾ' ಎಂದು ಹೆಸರು, ಮತ್ತು ಅದನ್ನು ಹಿಡಿದು ಕೊಲ್ಲಲೆಂದೇ ನಾಗರಿಕರ ಸಂಘಗಳಿವೆ. ನಮ್ಮ ನಗರದ ಸಂಘ 2006ರಲ್ಲಿ ಆರಂಭವಾಯಿತು. ಬಂದ ಹೊಸತರಲ್ಲಿ ನನಗೆ ಇದು ಕ್ರೌರ್ಯವೆಂದೇ ಅನ್ನಿಸಿತ್ತು. ತವರಿನ ಸೂರಿನ ಹಕ್ಕಿಯನ್ನು ಬೋನಿನಲ್ಲಿ ಕಂಡಾಗ ಅತ್ತದ್ದೂ ಉಂಟು.

ಆಮೇಲೆ ಕಾರಣಗಳನ್ನು ಓದಿ ತಿಳಿದುಕೊಂಡೆ. ಹೋದಲ್ಲೆಲ್ಲ ಈ ಹಕ್ಕಿಯನ್ನು ಒಯ್ದವರು ಮನುಷ್ಯರೇ. ಕೆಂಪು ಮಿಡತೆಯ ಕಾಟ ತಡೆಯಲೆಂದು 1762ರಲ್ಲಿ ಭಾರತದಿಂದ ಮಾರಿಷಸ್‌ಗೆ ಒಯ್ದರು. 1860ರ ದಶಕದಲ್ಲಿ ಮೆಲ್ಬರ್ನ್‌ಗೆ, 1865ರಲ್ಲಿ ಹವಾಯಿಗೆ, 1883ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಿಗೆ ತಂದದ್ದೂ ಹುಳುಗಳ ಹತೋಟಿಗೆಂದೇ. ಹವಾಯಿಯಲ್ಲಿ ಅದು ಲಂಟಾನದ ಹಣ್ಣು ತಿಂದು ಬೀಜ ಹರಡಿ, ಆ ಗಿಡ ದ್ವೀಪಗಳ ತುಂಬ ಹಬ್ಬಲು ನೆರವಾಯಿತು. ಲಂಟಾನ ಹಬ್ಬಿದರೆ ಕಾಡು ಏನಾಗುತ್ತದೆ ಎಂಬುದನ್ನು ಬಂಡೀಪುರ ನೋಡಿದವರಿಗೆ ವಿವರಿಸಬೇಕಿಲ್ಲ. ಕ್ಯಾನ್ಬೆರಾದಲ್ಲಿ ಇವುಗಳನ್ನು ಬಿಟ್ಟದ್ದು 1968ರಿಂದೀಚೆಗೆ. ಊರಿನಲ್ಲಿ ಸೂರಿನ ಸಂದಿ ಸಾಲುವ ಹಕ್ಕಿ, ಇಲ್ಲಿ ಹಳೆಯ ನೀಲಗಿರಿ ಮರಗಳ ಪೊಟರೆಗಳನ್ನು ಸೇರಿಕೊಂಡು, ಅದೇ ಪೊಟರೆಗಳನ್ನು ನಂಬಿರುವ ಇಲ್ಲಿಯ ಗಿಳಿಗಳಿಗೆ ಜಾಗವಿಲ್ಲದಂತೆ ಮಾಡುತ್ತದೆ. ಸೀಶೆಲ್ಸ್‌ನ ಪುಟ್ಟ ದ್ವೀಪಗಳಲ್ಲಿ ಅಳಿವಿನಂಚಿನ ಹಕ್ಕಿಗಳನ್ನು ಉಳಿಸಲೆಂದು ಗೊರವಂಕಗಳನ್ನು ಪೂರ್ತಿಯಾಗಿ ತೆಗೆದುಹಾಕಬೇಕಾಯಿತು. ಜಗತ್ತಿನ ನೂರು ಅತ್ಯಂತ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2000ದಲ್ಲಿ ಪ್ರಕಟಿಸಿದಾಗ ಅದರಲ್ಲಿದ್ದ ಹಕ್ಕಿಗಳು ಮೂರೇ: ಗೊರವಂಕ, ನಮ್ಮದೇ ಕೆಂಪು ಬಾಲದಡಿಯ ಪಿಕಳಾರ, ಮತ್ತು ಯುರೋಪಿನ ಕಬ್ಬಕ್ಕಿ.

ಸಾಕಿದ ಹಕ್ಕಿ ತಪ್ಪಿಸಿಕೊಂಡೇ ನೆಲೆಯೂರಿದ ಊರುಗಳೂ ಇವೆ. ಟೆಲ್ ಅವೀವ್‌ನಲ್ಲಿ 1997ರ ಸುಮಾರಿಗೆ ಉದ್ಯಾನವೊಂದರಿಂದ ಹೊರಬಿದ್ದ ಕೆಲವು ಹಕ್ಕಿಗಳಿಂದ ಇಂದು ಇಸ್ರೇಲಿನ ಉದ್ದಗಲಕ್ಕೂ ಗೊರವಂಕಗಳಿವೆ.

ಇದನ್ನೆಲ್ಲ ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ ಅಕ್ಕ. ಇಲ್ಲಿ ನಾನೊಂದು ಗೊರವಂಕದ ಮರಿಯನ್ನು ಎತ್ತಿ ಸಾಕಿ ಬಿಟ್ಟರೆ ಅದು ಬೇರೊಂದು ಜೀವಕ್ಕೆ ಮಾಡುವ ಅನ್ಯಾಯ. ನೀವು ಅರಸೀಕೆರೆಯಲ್ಲಿ ಬಿಟ್ಟರೆ ಅದು ತನ್ನ ಮನೆಗೆ ಹೋಗುತ್ತದೆ. ಅಲ್ಲಿಯ ಗಿಡುಗ, ಹಾವು, ಮಿಡತೆ, ಆಲದ ಹಣ್ಣು ಎಲ್ಲದರೊಂದಿಗೆ ಸಾವಿರಾರು ವರ್ಷಗಳ ಲೆಕ್ಕಾಚಾರ ಅದಕ್ಕಿದೆ. ಆ ಭಾಗ್ಯವಿರುವ ಊರಿನಲ್ಲಿ ನೀವಿದ್ದೀರಿ, ದಯವಿಟ್ಟು ಬಿಡಿ.

ಮರುಪ್ರಶ್ನೆ: ತೆಂಗಿನತೋಟ (ಅರಸೀಕೆರೆ)

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹಾಲು, ಬ್ರೆಡ್ಡು ನಿಲ್ಲಿಸಿದ್ದೇವೆ. ಕಣ್ಣಿನ ಹಿಂದೆ ಹಳದಿ ಚರ್ಮವಿದೆ, ಆದ್ದರಿಂದ ಗೊರವಂಕವೇ. ಯಜಮಾನರು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಬಂದರು. ಅಲ್ಲಿಯವರು ವಿಷಯ ಬರೆದುಕೊಂಡು, ಬಿಡುವ ಸಿದ್ಧತೆ ಮುಂದುವರಿಸಿ ಎಂದರು. ಕೊಬ್ಬರಿ ಒಣಗಿಸುವ ಅಟ್ಟದ ಪಕ್ಕದ ಖಾಲಿ ಕೋಣೆಗೆ ಮೀನಿನ ಬಲೆ ಕಟ್ಟಿದ್ದೇವೆ. ಎರಡು ಅನುಮಾನಗಳಿವೆ. ಹೊರಗಿನ ಗೊರವಂಕಗಳು ಇದನ್ನು ಹೊಡೆದು ಓಡಿಸುವುದಿಲ್ಲವೇ? ಮತ್ತು ರಾತ್ರಿ ಎಲ್ಲಿ ಮಲಗುತ್ತದೆ?

ಉತ್ತರ: ಪೊಟರೆ (ಮೈಸೂರು)

ಬಲೆಯ ಕಣ್ಣು ದೊಡ್ಡದಾಗಿದ್ದರೆ ಕಾಲು, ಕತ್ತು ಸಿಕ್ಕಿಕೊಳ್ಳುತ್ತವೆ. ಒಳಬದಿಗೆ ಸೊಳ್ಳೆಪರದೆಯ ಬಟ್ಟೆಯನ್ನೂ ಕಟ್ಟಿ.

ಗೂಡು ಕಟ್ಟುವ ಜೋಡಿಗಳು ತಮ್ಮ ಜಾಗಕ್ಕಾಗಿ ನೆಲದ ಮೇಲೆ ಉರುಳಾಡಿ ಕಾದಾಡುವುದನ್ನು ನೀವು ನೋಡಿರಬಹುದು. ಆದರೆ ಆಗಸ್ಟ್ ಹೊತ್ತಿಗೆ ಆ ಬಿಸಿ ಬಹುಮಟ್ಟಿಗೆ ಇಳಿದಿರುತ್ತದೆ, ಆ ವರ್ಷದ ಮರಿಗಳು ಗುಂಪುಗೂಡಿ ಮೇಯುತ್ತಿರುತ್ತವೆ. ಮಳೆಗೆ ಹುಲ್ಲು ಬೆಳೆದು ಮಿಡತೆಗಳೂ ಹೇರಳವಾಗಿರುತ್ತವೆ. ಮೊದಮೊದಲು ಚಿನ್ನು ಗುಂಪಿನ ಅಂಚಿನಲ್ಲೇ ಇರುತ್ತದೆ, ಒಂದೆರಡು ಏಟು ತಿನ್ನಲೂಬಹುದು. ಅದರಲ್ಲಿ ನಾವು ಅಡ್ಡ ಬರಬಾರದು.

ರಾತ್ರಿಯ ಚಿಂತೆ ಬೇಡ. ಗೂಡು ಕಟ್ಟುವ ಕಾಲ ಮುಗಿದ ಮೇಲೆ ಗೊರವಂಕಗಳು ಒಂಟಿಯಾಗಿ ಮಲಗುವುದಿಲ್ಲ. ಸಂಜೆಯಾದಂತೆ ಸುತ್ತಲ ಊರುಗಳಿಂದ ನೂರಾರು, ಕೆಲವೆಡೆ ಸಾವಿರಾರು ಹಕ್ಕಿಗಳು ಒಂದೇ ಆಲದ ಮರಕ್ಕೋ ಮಳೆಮರಕ್ಕೋ ಬಂದು ಸೇರುತ್ತವೆ. ಬಸ್ ನಿಲ್ದಾಣಗಳ ಬಳಿ ಕತ್ತಲಾಗುವ ಮುನ್ನ ಏಳುವ ಆ ಗದ್ದಲವನ್ನು ಕೇಳದವರಿಲ್ಲ. ಗುಂಪಿಗೆ ಸೇರಿದ ದಿನ ಚಿನ್ನುವೂ ಅವುಗಳ ಹಿಂದೆ ಹೋಗುತ್ತದೆ. ಅಂದು ರಾತ್ರಿ ಅದು ಕೋಣೆಗೆ ಮರಳದಿದ್ದರೆ ಗಾಬರಿಯಾಗಿ ಹುಡುಕಲು ಹೊರಡಬೇಡಿ.

ಕೊನೆಯ ವರದಿ: ತೆಂಗಿನತೋಟ (ಅರಸೀಕೆರೆ)

ಕೇಳಿದವರಿಗಾಗಿ ಬರೆಯುತ್ತಿದ್ದೇನೆ. ಬಲೆಯ ಕೋಣೆಗೆ ಹೋದ ನಾಲ್ಕನೆಯ ದಿನ ಚಿನ್ನು ಎಲೆಗಳ ನಡುವೆ ಕೊಕ್ಕು ತೂರಿಸಿ, ಅಗಲಿಸಿ, ಎರೆಹುಳು ಎಳೆದು ತೆಗೆಯಿತು. ಮಗಳು ಅದನ್ನು ನೋಡಿ ಓಡಿ ಬಂದು ಹೇಳಿದಳು. ಅಂದಿನಿಂದ ಬಿಡುವ ಮಾತಿಗೆ ಅವಳ ವಿರೋಧವಿರಲಿಲ್ಲ. ಆಗಸ್ಟ್ ಎರಡನೆಯ ವಾರ ಬಾಗಿಲು ತೆರೆದೆವು. ಒಂಬತ್ತು ದಿನ ಹೋಗಿ ಬಂದು ಮಾಡುತ್ತಿತ್ತು, ಹತ್ತನೆಯ ದಿನ ರಾತ್ರಿ ಬರಲಿಲ್ಲ. ಮಾರನೆಯ ಬೆಳಿಗ್ಗೆ ತೋಟದಲ್ಲಿ ಏಳೆಂಟು ಗೊರವಂಕಗಳು ಮೇಯುತ್ತಿದ್ದವು. ಅತ್ತೆಯವರು ಜಗಲಿಯಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕರೆಯಲಿಲ್ಲ. ಎಲ್ಲವೂ ಒಂದೇ ಥರ ಕಾಣುತ್ತಿದ್ದವು.

ಹಿತ್ತಿಲಿನ ಸೂರಿಗೆ ಹೆಂಚು ಹೊದಿಸುವ ಕೆಲಸ ಮುಂದಿನ ತಿಂಗಳಿದೆ. ಗೋಡೆಗೂ ತೊಲೆಗೂ ನಡುವಿನ ಸಂದಿಯನ್ನು ಮುಚ್ಚಬೇಡಿ, ಹೆಂಚು ಮಾತ್ರ ಜಾರದಂತೆ ತಂತಿ ಬಿಗಿಯಿರಿ ಎಂದು ಕೆಲಸದವರಿಗೆ ಹೇಳಿದ್ದೇನೆ.